ಜೀರೋ ಮಾಡುವ ಮುನ್ನ ಕೈ ನೋಡಿಕೋ

ಹಿಂದೂಪುರದಲ್ಲಿ ಇಂಟರ್ ಓದುತ್ತಾ ಏರ್ ಪಿಸ್ತೂಲು ಹಿಡಿದ ಹುಡುಗಿ ನೀನಿರಬಹುದು. ಕಲ್ಯಾಣದುರ್ಗದಿಂದ ಹೋಗಿ ಪೊಲೀಸ್ ಕೆಲಸ ಸೇರಿ ಸೊಂಟಕ್ಕೆ 9 ಎಂಎಂ ಕಟ್ಟಿಕೊಂಡ ಹುಡುಗನೂ ಇರಬಹುದು. ಯಾರೇ ಆಗಿರು, ಕೇಳುವ ಮೊದಲ ಪ್ರಶ್ನೆ ಒಂದೇ: "ತಾತ, ಎಷ್ಟು ಮೀಟರಿಗೆ ಜೀರೋ ಮಾಡಲಿ?"

ಜೀರೋ ಎಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ನೆಟ್ಟಗೆ ಕೊನೆಯ ಸಾಲಿಗೆ ಹಾರುತ್ತೀಯ. 10 ಮೀಟರಿನ ಆಟಕ್ಕೆ 10ರಲ್ಲೇ ಮಾಡು. 25ರ ಆಟಕ್ಕೆ 25ರಲ್ಲೇ ಮಾಡು. ಡ್ಯೂಟಿ ಪಿಸ್ತೂಲಾದರೆ 10ರಲ್ಲಿ ಶುರುಮಾಡಿ 25ರಲ್ಲಿ ಖಾತ್ರಿ ಮಾಡಿಕೋ. ಇಷ್ಟೇ. ಆದರೆ ಉತ್ತರ ಸಿಕ್ಕಿತೆಂದು ಸ್ಕ್ರೂಡ್ರೈವರ್ ತೆಗೆಯಲು ಓಡಬೇಡ, ಕೂತುಕೋ. ಮೀಟರಿನ ಲೆಕ್ಕ ಸುಲಭ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಅದನ್ನು ನೀನು ಮಾಡಿಲ್ಲ ಎಂದು ನಿನ್ನ ಅವಸರವೇ ಹೇಳುತ್ತಿದೆ.

ಆ ಕೆಲಸದ ಹೆಸರು ಗ್ರೂಪಿಂಗ್. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿಸುವ ಉಸ್ತಾದ್ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾನೆ. ಐದು ಗುಂಡು ಹೊಡೆ. ಎಲ್ಲಿ ಬಿತ್ತು ಎಂದು ಆಮೇಲೆ ನೋಡೋಣ, ಒಂದೇ ಕಡೆ ಬಿತ್ತೋ ಇಲ್ಲವೋ ಅಷ್ಟು ಹೇಳು. ಐದೂ ಒಂದು ಬೊಗಸೆಯೊಳಗೆ ಬಿದ್ದಿದ್ದರೆ, ಬುಲ್‌ನಿಂದ ಒಂದು ಗೇಣು ಆಚೆಗಿದ್ದರೂ ನಿನ್ನ ಬೆನ್ನು ತಟ್ಟುತ್ತೇನೆ. ಆ ಗುಂಪನ್ನು ನಡುವಿಗೆ ತರುವುದು ಹತ್ತು ನಿಮಿಷದ ಕೆಲಸ. ಐದು ಗುಂಡು ಐದು ದಿಕ್ಕಿಗೆ ಹೋಗಿ, ಅದರಲ್ಲೊಂದು ಹತ್ತರ ಉಂಗುರಕ್ಕೆ ಬಿದ್ದಿದ್ದರೆ ಕುಣಿದಾಡಬೇಡ. ಆ ಒಂದು ಹೇಗೆ ಬಿತ್ತೆಂದು ನಿನಗೂ ಗೊತ್ತಿಲ್ಲ, ಪಿಸ್ತೂಲಿಗೂ ಗೊತ್ತಿಲ್ಲ.

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಗೆ ನೀನು ಅಪ್ಪನ ಜೊತೆ ಹೋಗಿರುತ್ತೀಯ. ತಕ್ಕಡಿಗೆ ಹಣ್ಣು ಹಾಕುವ ಮೊದಲು ಮುಳ್ಳು ನಿಂತಿದೆಯೋ ಎಂದು ರೈತ ನೋಡುತ್ತಾನೆ. ಮುಳ್ಳು ಒಂದು ಕಡೆ ವಾಲಿ ನಿಂತಿದ್ದರೆ ಸರಿಮಾಡಬಹುದು. ಮುಳ್ಳೇ ಅಲ್ಲಾಡುತ್ತಿದ್ದರೆ ಯಾವ ಸೊನ್ನೆಗೆ ಸರಿಮಾಡುವುದು? ನಿನ್ನ ಕೈಯ ಗತಿಯೂ ಅದೇ. ಮೊದಲು ನಿಲ್ಲಲಿ, ಆಮೇಲೆ ಸರಿಮಾಡೋಣ.

ಈಗ ದೂರದ ಲೆಕ್ಕಕ್ಕೆ ಬರೋಣ. ಕಣ್ಣಿನ ಗೆರೆ ಮೇಲಿರುತ್ತದೆ, ನಳಿಗೆ ಕೆಳಗಿರುತ್ತದೆ. ಸಾಮಾನ್ಯ ಪಿಸ್ತೂಲಿನಲ್ಲಿ ಎರಡಕ್ಕೂ ನಡುವೆ ಸುಮಾರು 2 ಸೆಂಟಿಮೀಟರ್ ಅಂತರ ಎಂದಿಟ್ಟುಕೋ. ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ ಅನ್ನು. ಹೊರಟ ಗಳಿಗೆಯಿಂದಲೇ ಅದು ಕೆಳಗಿಳಿಯಲು ಶುರು. 10 ಮೀಟರಿಗೆ ಅರ್ಧ ಸೆಂಟಿಮೀಟರೂ ಇಳಿಯುವುದಿಲ್ಲ. 25ಕ್ಕೆ ಎರಡೂವರೆ ಸೆಂಟಿಮೀಟರ್, 50ಕ್ಕೆ ಸುಮಾರು 11 ಸೆಂಟಿಮೀಟರ್ ಇಳಿಯುತ್ತದೆ. ಅದಕ್ಕೇ ನಳಿಗೆಯನ್ನು ಕಣ್ಣಿನ ಗೆರೆಗಿಂತ ಒಂದು ಚೂರು ಮೇಲ್ಮುಖವಾಗಿಡುವುದು. ಎಷ್ಟು ಚೂರು ಎಂದು ತೀರ್ಮಾನಿಸುವುದೇ ಜೀರೋ.

ಇಂಥ ಪಿಸ್ತೂಲನ್ನು 25 ಮೀಟರಿಗೆ ಜೀರೋ ಮಾಡಿದೆ ಎನ್ನು. 10ರಲ್ಲಿ ಗುಂಡು ಅರ್ಧ ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. 50ರಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಕೆಳಗೆ. 10ಕ್ಕೇ ಜೀರೋ ಮಾಡಿದೆ ಎನ್ನು. 25ರಲ್ಲಿ ಒಂದೂವರೆ ಸೆಂಟಿಮೀಟರ್ ಮೇಲೆ ಬೀಳುತ್ತದೆ. ಈ ಎರಡಕ್ಕೂ ನಡುವಿನ ವ್ಯತ್ಯಾಸ ಬೆರಳಗಲದ ಮಾತು. ನಿನ್ನ ಕೈ ಇವತ್ತು ಹೊಡೆಯುತ್ತಿರುವ ಗ್ರೂಪು ಅಂಗೈ ಅಗಲ. ಬೆರಳಗಲಕ್ಕೆ ಸ್ನೇಹಿತರ ಜೊತೆ ರಾತ್ರಿಯೆಲ್ಲ ವಾದ ಮಾಡುತ್ತೀಯ, ಅಂಗೈ ಅಗಲಕ್ಕೆ ಬೆಳಿಗ್ಗೆ ಎದ್ದು ಅಭ್ಯಾಸ ಮಾಡುವುದಿಲ್ಲ. ಇದು ಸರಿಯಾ?

ಆದರೂ ಒಂದು ತಪ್ಪು ಮಾಡಬೇಡ. ತೀರಾ ಹತ್ತಿರದಲ್ಲಿ ಜೀರೋ ಮಾಡಬೇಡ. ಮೂರು ಮೀಟರಿನಲ್ಲಿ ಕಾಗದ ನೇತುಹಾಕಿ, ಗುಂಡು ಸರಿಯಾಗಿ ನಡುವಿಗೆ ಬೀಳುವಂತೆ ಸೈಟ್ ತಿರುಗಿಸಿದೆ ಎನ್ನು. ಅಷ್ಟು ಗಿಡ್ಡ ಹಾದಿಯಲ್ಲಿ ಗುಂಡು 2 ಸೆಂಟಿಮೀಟರ್ ಮೇಲೇರಬೇಕೆಂದರೆ ನಳಿಗೆ ಆಕಾಶ ನೋಡಬೇಕಾಗುತ್ತದೆ. ಅದೇ ಪಿಸ್ತೂಲು 25 ಮೀಟರಿನಲ್ಲಿ 12 ಸೆಂಟಿಮೀಟರ್ ಮೇಲೆ ಹೊಡೆಯುತ್ತದೆ. ಇದಲ್ಲದೆ, ಹತ್ತಿರದಲ್ಲಿ ಕಣ್ಣಿಗೆ ಬೀಳದ ಒಂದು ಸೆಂಟಿಮೀಟರ್ ತಪ್ಪು 7 ಮೀಟರಿನಿಂದ 25ಕ್ಕೆ ಹೋಗುವ ಹೊತ್ತಿಗೆ ಮೂರೂವರೆ ಸೆಂಟಿಮೀಟರ್ ಆಗಿರುತ್ತದೆ. ಎಡಬಲದ ತಪ್ಪಂತೂ ದೂರ ಹೋದಷ್ಟೂ ಹಿಗ್ಗುತ್ತದೆ, ತಾನಾಗಿ ಎಂದೂ ಸರಿಹೋಗುವುದಿಲ್ಲ. ಅದಕ್ಕೇ 25ರಲ್ಲಿ ಖಾತ್ರಿ ಮಾಡಿಕೋ ಎಂದದ್ದು. ದೂರ ನಿನ್ನ ತಪ್ಪನ್ನು ದೊಡ್ಡದಾಗಿ ತೋರಿಸುತ್ತದೆ.

ಹಾಗಾದರೆ ಮೊದಲೇ 25ಕ್ಕೆ ಯಾಕೆ ಹೋಗಬಾರದು ಎಂದು ಕೇಳುತ್ತೀಯ. ಕೇಳು, ಬುದ್ಧಿವಂತ ಪ್ರಶ್ನೆಯೇ. 10ರಲ್ಲಿ 5 ಸೆಂಟಿಮೀಟರ್ ಗ್ರೂಪು ಹೊಡೆಯುವ ಕೈ 25ರಲ್ಲಿ ಏನಿಲ್ಲೆಂದರೂ ಹನ್ನೆರಡೂವರೆ ಸೆಂಟಿಮೀಟರ್ ಹರಡುತ್ತದೆ. ಅಷ್ಟು ಹರಡಿದ ಐದು ತೂತುಗಳ ನಡು ಎಲ್ಲಿದೆ ಎಂದು ಹೇಳುವುದು ಕಷ್ಟ. ಇವತ್ತು ಎಡಕ್ಕಿದ್ದಂತೆ ಕಾಣುತ್ತದೆ, ನಾಳೆ ಬಲಕ್ಕೆ. ನೀನು ಇವತ್ತು ಬಲಕ್ಕೆ ತಿರುಗಿಸುತ್ತೀಯ, ನಾಳೆ ಎಡಕ್ಕೆ. ತಿಂಗಳ ಕೊನೆಗೆ ಸ್ಕ್ರೂ ಸವೆದಿರುತ್ತದೆ, ಗ್ರೂಪು ಇದ್ದಲ್ಲೇ ಇರುತ್ತದೆ. ಕೈ ನಿಜ ಹೇಳುವ ದೂರದಲ್ಲಿ ಶುರುಮಾಡು, ತಪ್ಪು ಬಯಲಾಗುವ ದೂರದಲ್ಲಿ ಮುಗಿಸು. ದೂರ ಆರಿಸುವುದಕ್ಕೆ ನಾನು ಬಲ್ಲ ಸೂತ್ರ ಇದೊಂದೇ.

ಮಾಡುವ ಕ್ರಮ ಹೀಗೆ. ಮರಳುಚೀಲದ ಮೇಲೆ ಮಣಿಕಟ್ಟು ಊರಿಕೋ, ನಳಿಗೆ ಊರಬೇಡ. ಒಂದೇ ಪೆಟ್ಟಿಗೆಯ ಗುಂಡು ತಗೋ. ಐದೈದರಂತೆ ಮೂರು ಗ್ರೂಪು ಹೊಡೆ. ನಡುವೆ ಸೈಟ್ ಮುಟ್ಟಬೇಡ, ಎಷ್ಟೇ ಕೈ ತುರಿಸಿದರೂ ಮುಟ್ಟಬೇಡ. ಹದಿನೈದು ತೂತಿನ ನಡು ಗುರುತುಮಾಡು. ಪೊಲೀಸಿನವರು ಅದನ್ನು ಎಂಪಿಐ ಎನ್ನುತ್ತಾರೆ. ಅಲ್ಲಿಂದ ನೀನು ಗುರಿಯಿಟ್ಟ ಜಾಗಕ್ಕೆ ಎಷ್ಟು ದೂರವೋ ಅಷ್ಟನ್ನೇ ತಿದ್ದು. ಬ್ಯಾಕ್‌ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು. ಫೋರ್‌ಸೈಟಾದರೆ ಅದಕ್ಕೆ ಉಲ್ಟಾ. ಆಮೇಲೆ ಎದ್ದು ನಿಂತು, ನಿನ್ನ ಸ್ವಂತ ಹಿಡಿತದಲ್ಲಿ ಮತ್ತೊಮ್ಮೆ ನೋಡಿಕೋ. ಊರಿ ಹೊಡೆದದ್ದಕ್ಕೂ ನಿಂತು ಹೊಡೆದದ್ದಕ್ಕೂ ಪಿಸ್ತೂಲು ಒದೆಯುವ ರೀತಿ ಬೇರೆ. ಸ್ಪರ್ಧೆಯಲ್ಲಿ ನಿನಗೆ ಮರಳುಚೀಲ ಯಾರೂ ಕೊಡುವುದಿಲ್ಲ.

ಎಷ್ಟು ತಿರುಗಿಸಬೇಕೆಂಬುದಕ್ಕೂ ಲೆಕ್ಕವಿದೆ. ಎರಡು ಸೈಟ್‌ಗಳ ನಡುವೆ 16 ಸೆಂಟಿಮೀಟರ್ ಇದೆ ಎನ್ನು. 25 ಮೀಟರಿನಲ್ಲಿ ಗುಂಡನ್ನು 10 ಸೆಂಟಿಮೀಟರ್ ಸರಿಸಲು ಬ್ಯಾಕ್‌ಸೈಟ್ 0.64 ಮಿಲಿಮೀಟರ್ ಸರಿದರೆ ಸಾಕು. ಒಂದು ಮಿಲಿಮೀಟರೂ ಬೇಡ! ಇದನ್ನೇ ತಿರುಗಿಸಿ ನೋಡು, ನಿನ್ನ ಕಣ್ಣು ತೆರೆಯುತ್ತದೆ. ಬ್ಯಾಕ್‌ಸೈಟಿನ ಕಚ್ಚಿನಲ್ಲಿ ಫೋರ್‌ಸೈಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ನಿಂತರೂ 25 ಮೀಟರಿನಲ್ಲಿ ಗುಂಡು 15 ಸೆಂಟಿಮೀಟರಿಗಿಂತ ಹೆಚ್ಚು ಆಚೆ ಹೋಗುತ್ತದೆ. ಸೈಟ್‌ಗಳೆರಡೂ ಸರಿಯಾಗಿ ಕೂಡಿದ್ದು, ಇಡೀ ಕೈ ಒಂದು ಸೆಂಟಿಮೀಟರ್ ತೂಗಾಡಿದರೆ ತಪ್ಪುವುದು ಒಂದೇ ಸೆಂಟಿಮೀಟರ್. ಕೈ ನಡುಗುತ್ತದೆಂದು ಅಳಬೇಡ. ಎಲ್ಲರ ಕೈಯೂ ನಡುಗುತ್ತದೆ. ಕಣ್ಣು ಫೋರ್‌ಸೈಟಿನ ತುದಿಯ ಮೇಲಿರಲಿ, ಟಾರ್ಗೆಟ್ ಮಸುಕಾಗಿರಲಿ.

ಕಲ್ಯಾಣದುರ್ಗದ ಹುಡುಗನೇ, ಈಗ ನಿನಗೊಂದು ಮಾತು. ನಿನಗೆ ಕೊಟ್ಟಿರುವುದು 9 ಎಂಎಂ ಆಟೋ ಪಿಸ್ತೂಲಾಗಿದ್ದರೆ, ಅದು ಬ್ರೌನಿಂಗ್ ಹೈಪವರ್ ವಂಶದ್ದು, ಇಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಸೈಟ್‌ನಲ್ಲಿ ಕ್ಲಿಕ್ ಮಾಡುವ ಸ್ಕ್ರೂ ಇಲ್ಲ. ತಿದ್ದಬೇಕಾದರೆ ಬ್ಯಾಕ್‌ಸೈಟನ್ನು ಅದು ಕೂತಿರುವ ತೋಡಿನಲ್ಲಿ ತಟ್ಟಿ ಸರಿಸಬೇಕು, ಅದು ಆರ್ಮರರ್ ಕೆಲಸ. ನೀನು ಸುತ್ತಿಗೆ ಹಿಡಿಯಬೇಡ. ಗುಂಡು ಕೆಳಗೆ ಬೀಳುತ್ತಿದೆ ಎಂದು ಫೋರ್‌ಸೈಟಿಗೆ ಅರ ಹಾಕುವ ಯೋಚನೆಯಂತೂ ಬೇಡವೇ ಬೇಡ. ಅರದಿಂದ ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಎಷ್ಟು ದೂರದಲ್ಲಿ ಎಲ್ಲಿಗೆ ಬೀಳುತ್ತದೆ ಎಂದು ತಿಳಿದುಕೊಂಡು ಗುರಿಯನ್ನು ಹೊಂದಿಸಿಕೋ. ಅದೂ ಜೀರೋ ತಿಳಿದಂತೆಯೇ.

ನೀನು ಬಲಗೈಯವನು, ಗುಂಡು ಸದಾ ಎಡಕ್ಕೂ ಕೆಳಕ್ಕೂ ಹೋಗುತ್ತದೆ. "ಸೈಟ್ ಸರಿಯಿಲ್ಲ ತಾತ" ಎನ್ನುತ್ತೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹತ್ತರಲ್ಲಿ ಎಂಟು ಸಲ ಅದು ಸೈಟ್ ತಪ್ಪಲ್ಲ. ಸದ್ದಿಗೆ ಹೆದರಿ ಟ್ರಿಗರನ್ನು ಜಗ್ಗಿ, ಮಣಿಕಟ್ಟನ್ನು ಕೆಳಗೆ ಮುರಿಯುವ ತಪ್ಪು. ಪರೀಕ್ಷೆ ಸುಲಭವಾಗಿದೆ. ಗೆಳೆಯನಿಗೆ ಮ್ಯಾಗಜಿನ್ ಕೊಡು. ನಿಜವಾದ ಗುಂಡುಗಳ ನಡುವೆ ಒಂದೆರಡು ಮದ್ದಿಲ್ಲದ ಡ್ರಿಲ್ ಕಾರ್ಟ್ರಿಜ್ ಸೇರಿಸಲಿ, ಎಲ್ಲಿ ಎಂದು ನಿನಗೆ ಹೇಳದಿರಲಿ. ಡ್ರಿಲ್ ಬಂದಾಗ ಪಿಸ್ತೂಲು 'ಟಕ್' ಎನ್ನುತ್ತದೆ. ಆಗ ನಳಿಗೆ ನೆಲದ ಕಡೆ ಬಗ್ಗಿತೋ, ಉತ್ತರ ಸಿಕ್ಕಿತು. ಆ ತಪ್ಪನ್ನು ಸೈಟ್ ತಿರುಗಿಸಿ ಮುಚ್ಚಿದರೆ, ಕೈ ಸರಿಹೋದ ದಿನ ಗುಂಡು ಬಲಕ್ಕೆ ಮೇಲಕ್ಕೆ ಹೋಗಲು ಶುರುಮಾಡುತ್ತದೆ. ಆಗ ಮತ್ತೆ ಸ್ಕ್ರೂ. ತಮ್ಮ ತಪ್ಪನ್ನು ವಸ್ತುವಿನ ಮೇಲೆ ಹಾಕುವವರು ಪಿಸ್ತೂಲಿನಲ್ಲಷ್ಟೇ ಅಲ್ಲ, ಮನೆಯಲ್ಲೂ ಕೆಲಸದಲ್ಲೂ ಹಾಗೇ ಇರುತ್ತಾರೆ. ನಾನು ಕಂಡಿದ್ದೇನೆ. ನೀನು ಹಾಗಾಗಬೇಡ.

ಹಿಂದೂಪುರದ ಹುಡುಗಿಯೇ, ನಿನ್ನ ಸರದಿ. ನಿನ್ನ ಏರ್ ಪಿಸ್ತೂಲಿನ 10 ಮೀಟರ್ ಟಾರ್ಗೆಟ್‌ನಲ್ಲಿ ಕಪ್ಪು ವೃತ್ತ 59.5 ಮಿಲಿಮೀಟರ್, ಹತ್ತರ ಉಂಗುರ 11.5 ಮಿಲಿಮೀಟರ್. ನಿಮ್ಮ ಆಟದಲ್ಲಿ ಕಪ್ಪಿನ ನಡುವಿಗೆ ಗುರಿಯಿಡುವವರು ಕಡಿಮೆ. ಕಪ್ಪು ಸೈಟನ್ನು ಕಪ್ಪಿನ ಮೇಲಿಟ್ಟರೆ ತುದಿ ಕಾಣದು. ಅದಕ್ಕೇ ಕಪ್ಪಿನ ಕೆಳಗಿನ ಬಿಳಿಯಲ್ಲಿ, ಗಡಿಯಾರದ ಆರರ ಜಾಗದಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿದರೆ ಪೆಲೆಟ್ ನೀನು ನೋಡುವ ಜಾಗಕ್ಕಿಂತ ಕನಿಷ್ಠ 3 ಸೆಂಟಿಮೀಟರ್ ಮೇಲೆ ಬೀಳುವಂತೆ ಸೈಟ್ ಇರಬೇಕು. ಆ ಬಿಳಿಯ ಪಟ್ಟಿ ಎಷ್ಟು ಅಗಲ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ದಿನಕ್ಕೊಂದು ಅಗಲ ಮಾಡಬೇಡ. ಗುರಿ ಹಿಡಿಯುವ ಜಾಗ ಬದಲಾದರೆ ಜೀರೋ ಸತ್ತಂತೆ.

ಮುಂದೆ ನೀನು 25 ಮೀಟರ್ ಪಿಸ್ತೂಲಿಗೆ ಹೋಗುತ್ತೀಯ. ಹೋಗು, ನನಗೂ ಆಸೆಯಿದೆ. ಅಲ್ಲಿ ಒಂದೇ ಸ್ಪರ್ಧೆಯಲ್ಲಿ ಎರಡು ಟಾರ್ಗೆಟ್. ಮೊದಲ 30 ಗುಂಡು ನಿಧಾನದ ಪ್ರಿಸಿಷನ್, ಕಪ್ಪು 200 ಮಿಲಿಮೀಟರ್, ಹತ್ತರ ಉಂಗುರ 50. ಆಮೇಲಿನ 30 ರ‍್ಯಾಪಿಡ್, ಪ್ರತಿ ಗುಂಡಿಗೂ ಮೂರೇ ಸೆಕೆಂಡು, ಕಪ್ಪು 500 ಮಿಲಿಮೀಟರ್, ಹತ್ತರ ಉಂಗುರ 100. ಮೊದಲನೆಯದಕ್ಕೆ ಕಪ್ಪಿನ ಕೆಳಗೆ ಹಿಡಿದು, ಎರಡನೆಯದಕ್ಕೆ ನಡುವಿಗೆ ಹಿಡಿದರೆ ಗುಂಡು 10 ಸೆಂಟಿಮೀಟರಿಗೂ ಹೆಚ್ಚು ಮೇಲೆ ಹೋಗುತ್ತದೆ. ದೂರ ಅದೇ 25, ಜೀರೋ ಮಾತ್ರ ಬೇರೆ. ಎಷ್ಟು ಕ್ಲಿಕ್ ಇಳಿಸಬೇಕು, ಎಷ್ಟು ಏರಿಸಬೇಕು ಎಂಬುದು ಪುಸ್ತಕದಲ್ಲಿ ಬರೆದಿರಲಿ. ಸ್ಪರ್ಧೆಯ ನಡುವೆ ನೆನಪು ಕೈಕೊಡುತ್ತದೆ, ಪುಸ್ತಕ ಕೈಕೊಡುವುದಿಲ್ಲ. ಸ್ಕ್ರೂ ಮೇಲಿನ ಬಾಣದ ಗುರುತನ್ನೂ ಮೊದಲೇ ತಿಳಿದುಕೋ. ಎಲ್ಲ ಕಂಪನಿಯವರೂ ಅದಕ್ಕೆ ಒಂದೇ ಅರ್ಥ ಇಟ್ಟಿಲ್ಲ.

ಪುಸ್ತಕ ಎಂದೆನಲ್ಲ, ನಿನ್ನ ಬಳಿ ಇದೆಯಾ? ಇರುವುದಿಲ್ಲ, ಗೊತ್ತು. ಫೋನಿನಲ್ಲಿ ಫೋಟೋ ಇರುತ್ತದೆ, ಅದೂ ಹತ್ತು ಬಿದ್ದದ್ದು ಮಾತ್ರ. ಎಂಟು ಬಿದ್ದದ್ದೂ ಇಟ್ಟುಕೋ, ಪಾಠ ಇರುವುದು ಅಲ್ಲೇ. ತಾರೀಕು, ದೂರ, ಗುಂಡಿನ ಪೆಟ್ಟಿಗೆಯ ಲಾಟ್ ನಂಬರ್, ಬಿಸಿಲು ಯಾವ ಕಡೆ, ಎಷ್ಟು ಕ್ಲಿಕ್ ಎಂದು ಬರೆದಿಡು. ಪೆಟ್ಟಿಗೆ ಬದಲಾದರೆ ಗ್ರೂಪು ಸರಿಯಬಹುದು. ಪಿಸ್ತೂಲಿನಲ್ಲಿ ಭಾರದ, ನಿಧಾನದ ಗುಂಡು ಸಾಮಾನ್ಯವಾಗಿ ಮೇಲಕ್ಕೇ ಬೀಳುತ್ತದೆ. ನಳಿಗೆಯೊಳಗೆ ಹೆಚ್ಚು ಹೊತ್ತು ಇರುವುದರಿಂದ ಪಿಸ್ತೂಲು ಎದ್ದ ಮೇಲೆ ಅದು ಹೊರಬರುತ್ತದೆ. ನಮ್ಮ ಅನಂತಪುರದ ಸೀಮೆಯ ಬಿಸಿಲಂತೂ ಹೇಳಬೇಕೇ? ಎಡದಿಂದ ಬಿಸಿಲು ಬಿದ್ದರೆ ಫೋರ್‌ಸೈಟಿನ ಎಡ ಅಂಚು ಹೊಳೆಯುತ್ತದೆ, ಕಣ್ಣು ಮೋಸಹೋಗುತ್ತದೆ. ಕರ್ಪೂರದ ಮಸಿ ಹಿಡಿಸು, ಹೊಳಪು ಸಾಯುತ್ತದೆ.

ಹೆಸರುವಾಸಿಗಳನ್ನು ನೋಡಿ ಕಲಿ, ಆದರೆ ಅವರ ಪಿಸ್ತೂಲಿನ ಬ್ರ್ಯಾಂಡ್ ನೋಡಿ ಕಲಿಯಬೇಡ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರಾನಡಾದಲ್ಲಿದ್ದಾಗ ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯು ಬಡಿಯಿತು. ಕಣ್ಣೇ ಬಂಡವಾಳವಾದವನಿಗೆ ಇದಕ್ಕಿಂತ ಪೆಟ್ಟು ಬೇಕೇ? ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಅವರ ಕೊರಳಲ್ಲಿ ಬೆಳ್ಳಿ ಇತ್ತು. 2016ರಲ್ಲಿ ರಿಯೊ ಒಲಿಂಪಿಕ್ಸಿಗೆ 50 ಮೀಟರ್ ಪಿಸ್ತೂಲಿನಲ್ಲಿ ಹೋದರು. ಕರ್ನಾಟಕದ ಟಿ.ಎಸ್. ದಿವ್ಯಾ ಹಾಂಗ್‌ಝೌ ಏಷ್ಯನ್ ಕ್ರೀಡೆಯಲ್ಲಿ, 2023ರಲ್ಲಿ, ಏರ್ ಪಿಸ್ತೂಲಿನ ತಂಡ ಸ್ಪರ್ಧೆಯಲ್ಲೊಂದು, ಮಿಶ್ರ ಜೋಡಿಯಲ್ಲೊಂದು ಬೆಳ್ಳಿ ತಂದರು. ರೈಫಲ್ಲಿನ ಸುಮಾ ಶಿರೂರು ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ. ಗಡಿ ದಾಟಿದರೆ ಸಿಗುವ ಗೌರಿಬಿದನೂರು ಆ ಜಿಲ್ಲೆಯದೇ, ನಿಮಗೆ ಅದು ನೆರೆಮನೆ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಹೊಡೆದದ್ದು 400ಕ್ಕೆ 400. ನಲವತ್ತು ಗುಂಡು, ನಲವತ್ತೂ ಹತ್ತು. ಅಂಥ ಅಂಕ ಸ್ಕ್ರೂ ತಿರುಗಿಸಿ ಬರುವುದಲ್ಲ.

ಬಿದ್ದ ಗುಂಡು ಯಾರದೆಂಬ ಲೆಕ್ಕವೂ ಇರಲಿ. ಲೇಪಾಕ್ಷಿ ಹಿಂದೂಪುರದಿಂದ ಹದಿನೈದು ಕಿಲೋಮೀಟರಿನ ಹಾದಿ. ವೀರಭದ್ರನ ಗುಡಿಯ ಚಾವಣಿ ಚಿತ್ರಗಳಲ್ಲಿ ಕಿರಾತಾರ್ಜುನರ ಕಥೆ ಇದೆ, ಮುಂದಿನ ಸಲ ಹೋದಾಗ ಕತ್ತೆತ್ತಿ ನೋಡು. ಒಂದೇ ಹಂದಿಗೆ ಇಬ್ಬರ ಬಾಣ ನೆಟ್ಟು, ಇದು ಯಾರದೆಂದು ಶಿವನಿಗೂ ಅರ್ಜುನನಿಗೂ ಜಗಳ ಬಿತ್ತು. ರೇಂಜಿನಲ್ಲೂ ಪಕ್ಕದವನ ಗುಂಡು ನಿನ್ನ ಕಾಗದಕ್ಕೆ ಬೀಳುವುದುಂಟು. ಐದು ಹೊಡೆದು ಆರು ತೂತು ಕಂಡರೆ ಆ ಗ್ರೂಪನ್ನು ಲೆಕ್ಕಕ್ಕೆ ತಗೋಬೇಡ. ಚೆನ್ನಾಗಿ ಬಿದ್ದದ್ದು ನನ್ನದು, ಕೆಟ್ಟದ್ದು ಪಕ್ಕದವನದು ಎನ್ನುವ ಲೆಕ್ಕ ಬೇಡ.

ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಬೇಡ. ಮದ್ದುಗುಂಡಿನ ಪಿಸ್ತೂಲಿಗೆ ಬೇಕೇ ಬೇಕು. ಜೀರೋ ಮಾಡುವುದು ರೇಂಜಿನಲ್ಲಿ, ಮಣ್ಣಿನ ಬಟ್ ಎದುರು. ಕಡಲೆಕಾಯಿ ಹೊಲದಲ್ಲಲ್ಲ, ಕಲ್ಯಾಣದುರ್ಗದ ಬಂಡೆಗುಡ್ಡದ ಬುಡದಲ್ಲಂತೂ ಅಲ್ಲವೇ ಅಲ್ಲ. ಬಂಡೆಗೆ ಬಿದ್ದ ಗುಂಡು ಎತ್ತ ತಿರುಗುತ್ತದೆಂದು ಹೇಳಬಲ್ಲವರಿಲ್ಲ. ಪುಟ್ಟ ಪಾಯಿಂಟ್ ಟೂ ಟೂ ಗುಂಡೂ ಒಂದು ಕಿಲೋಮೀಟರ್ ದಾಟಿ ಹೋಗುತ್ತದೆ, ಅಲ್ಲಿ ಕುರಿ ಕಾಯುವ ಹುಡುಗನಿರುತ್ತಾನೆ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಗಾಳಿಗೆ ಹಾರಿಸಿ ಯಾರ ಪ್ರಾಣಕ್ಕಾದರೂ ಕುತ್ತು ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿಗೆ ಹೆದರಿ ಅಲ್ಲ, ಎದುರಿಗಿರುವ ಜೀವಕ್ಕೆ ಹೆದರಿ ನಡೆ. ಪಿಸ್ತೂಲು ಕೈಗೆ ಬಂದ ಕೂಡಲೇ ಖಾಲಿಯೋ ಎಂದು ನೋಡು. ಬೇರೆಯವರು ನೋಡಿ ಕೊಟ್ಟಿದ್ದರೂ ನೀನು ನೋಡು. ಸೈಟ್ ಟಾರ್ಗೆಟ್ ಮೇಲೆ ಕೂರುವ ತನಕ ಬೆರಳು ಟ್ರಿಗರ್ ಹೊರಗಿರಲಿ. ಸೈಟ್ ತಿದ್ದುವಾಗ ಮ್ಯಾಗಜಿನ್ ಹೊರಗೆ, ಚೇಂಬರ್ ಖಾಲಿ. ಇದನ್ನು ಪಾಲಿಸದವನಿಗೆ ದೂರ ಆರಿಸುವ ವಿದ್ಯೆ ಬೇಡ, ಪಿಸ್ತೂಲೇ ಬೇಡ.

ನಿನ್ನ ಪಿಸ್ತೂಲಿನ ಜೀರೋ ನಿನ್ನ ಕಣ್ಣಿಗೆ, ನಿನ್ನ ಹಿಡಿತಕ್ಕೆ ಕೂಡಿದ್ದು. ಸ್ನೇಹಿತನಿಗೆ ಅದು ಎರಡು ಬೆರಳು ಆಚೆ ಹೊಡೆಯಬಹುದು. ಅವನು ನಕ್ಕರೆ ನಗಲಿ. ಅವನಿಗಾಗಿ ಸೈಟ್ ತಿರುಗಿಸಬೇಡ. ಅಂತೆಯೇ ಅವನು 15 ಗಜಕ್ಕೆ ಮಾಡಿದ, ಇವನು 50 ಮೀಟರಿಗೆ ಮಾಡಿದ ಎಂದು ಕೇಳಿ ನಿದ್ದೆಗೆಡಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಈಗ ನೀನು ಮಾಡಬೇಕಾದದ್ದು ಇಷ್ಟು. ಈ ವಾರ ಸ್ಕ್ರೂ ಮುಟ್ಟಬೇಡ. 10 ಮೀಟರಿನಲ್ಲಿ ನಿಂತು ಐದೈದರಂತೆ ಮೂರು ಗ್ರೂಪು ಹೊಡೆ, ಕಾಗದದ ಮೇಲೆ ತಾರೀಕು ಬರೆದು ಎತ್ತಿಡು. ಮುಂದಿನ ವಾರವೂ ಹಾಗೇ ಮಾಡು. ಎರಡೂ ವಾರದ ಗ್ರೂಪುಗಳ ನಡು ಒಂದೇ ಕಡೆ ಬಿದ್ದಿದ್ದರೆ ಆಗ ಸೈಟ್ ತಿದ್ದು; ಡ್ಯೂಟಿ ಪಿಸ್ತೂಲಾದರೆ ಆರ್ಮರರ್ ಕೈಯಲ್ಲಿ ತಿದ್ದಿಸಿ, 25ಕ್ಕೆ ಹೋಗಿ ಖಾತ್ರಿ ಮಾಡಿಕೋ. ಬೇರೆ ಬೇರೆ ಕಡೆ ಬಿದ್ದಿದ್ದರೆ ತಿದ್ದಬೇಕಾದದ್ದು ಸೈಟ್ ಅಲ್ಲ, ನೀನು. ಕೈ ನಿನ್ನದು, ಕಾಲ ನಿನ್ನ ಕಡೆ ಇದೆ. ಅಭ್ಯಾಸ ಮಾಡು ಮಗು.